‘ಹಿಡಿದಿದ್ದೇನೆ’ ಎಂಬ ಮಾತು

ಮಗುವನ್ನು ಸೈಕಲಿನ ಮೇಲೆ ಕೂಡಿಸಿ, ಹಿಂದಿನಿಂದ ಸೀಟನ್ನು ಹಿಡಿದು ಓಡುವ ತಂದೆಯನ್ನು ನಮ್ಮ ವಾಚಕರಲ್ಲಿ ಕಾಣದವರು ಕಡಿಮೆ. “ಬಿಡಬೇಡಪ್ಪಾ” ಎಂದು ಮಗುವು ಕೂಗುವದು. “ಬಿಡುವದಿಲ್ಲ, ಹಿಡಿದಿದ್ದೇನೆ” ಎಂದು ತಂದೆಯು ಹೇಳುವನು. ಹೇಳುವಾಗಲೇ ಅವನ ಕೈ ಬಿಟ್ಟಿರುವದು. ನೋಡುವವರು ನಗುವರು, ಮಗುವೂ ಕಲಿತುಕೊಳ್ಳುವದು. ಹೀಗಿರಲಾಗಿ ಇದರಲ್ಲಿ ದೋಷವೇನೆಂದು ಅನೇಕರು ಕೇಳಬಹುದು.

ಕೈ ಬಿಡುವದು ದೋಷವಲ್ಲ, ಬಿಡಲೇಬೇಕು. ಸೈಕಲು ಎಡಕ್ಕೆ ವಾಲಿದಾಗ ಹ್ಯಾಂಡಲನ್ನು ತುಸು ಎಡಕ್ಕೇ ತಿರುಗಿಸಿದರೆ ಚಕ್ರಗಳು ಭಾರದ ಕೆಳಗೆ ಬಂದು ಅದು ನೆಟ್ಟಗಾಗುವದು. ಇದನ್ನು ಬಾಯಿಮಾತಿನಿಂದ ಕಲಿಸಲಾಗದು, ಮೈಯೇ ಕಲಿಯಬೇಕು. ತಂದೆಯು ಬಿಗಿಯಾಗಿ ಹಿಡಿದಷ್ಟು ಹೊತ್ತೂ ಸೈಕಲು ವಾಲದು. ಮಗುವು ತಂದೆಯ ಕೈಗೆ ಒರಗುವದನ್ನು ಮಾತ್ರ ಕಲಿಯುವದು. ದೇವರು ಎಫ್ರಾಯೀಮಿಗೆ ನಡೆದಾಡುವದನ್ನು ಕಲಿಸಿದನೆಂದು ಪ್ರವಾದಿಯಾದ ಹೋಶೇಯನು ತಿಳಿಸುತ್ತಾನೆ. ನಡೆಯಕಲಿಸುವವನು ಸದಾ ಹೊತ್ತುಕೊಂಡೇ ಇರುವನೋ?

ಆದರೆ ಸುಳ್ಳಿನ ವಿಷಯವೇನು? ಇದು ಚಿಕ್ಕದು, ಮಗುವಿನ ಭಯ ನೀಗಿಸುವದಕ್ಕಾಗಿ ಹೇಳಿದ್ದು ಎನ್ನುವರು. ನಾವಾದರೋ ಹೀಗೆ ಹೇಳುತ್ತೇವೆ: ಆ ದಿನ ಮಗುವು ಎರಡು ಪಾಠಗಳನ್ನು ಕಲಿಯುವದು. ಒಂದು, ಸೈಕಲು ನಡಿಸುವದು. ಇನ್ನೊಂದು, ತಾನು ಭಯಪಡುವ ಹೊತ್ತಿನಲ್ಲಿ ತಂದೆಯ ಮಾತನ್ನು ನಂಬಕೂಡದೆಂಬದು. ಜ್ವರದ ರಾತ್ರಿಯಲ್ಲಿಯೂ ಮನೆಯಲ್ಲಿ ಮರಣ ಸಂಭವಿಸಿದ ದಿನದಲ್ಲಿಯೂ ಅದೇ ಬಾಯಿಂದ ಬರುವ ಸಮಾಧಾನದ ಮಾತು ಆಮೇಲೆ ಎಷ್ಟು ತೂಗೀತು? ಪರಲೋಕದ ತಂದೆಯನ್ನು ‘ತಂದೆ’ ಎಂದು ಕರೆಯಲು ಮಗುವು ಕಲಿಯುವಾಗ, ಆ ಶಬ್ದದ ಅರ್ಥವನ್ನು ಮೊದಲು ನಮ್ಮ ಮನೆಯಲ್ಲಿಯೇ ಓದುತ್ತದಲ್ಲವೇ?

ಸತ್ಯವನ್ನು ಬಿಡದೆ ಕಲಿಸುವ ದಾರಿಯೂ ಉಂಟು. ಜರ್ಮನಿಯ ಕಾರ್ಲ್ ಡ್ರಾಯಿಸ್ ಎಂಬವನು 1817ರಲ್ಲಿ ಮಾನ್‌ಹೈಮ್ ಪಟ್ಟಣದಲ್ಲಿ ಓಡಿಸಿದ ಇಚ್ಚಕ್ರದ ಬಂಡಿಗೆ ಪೆಡಲುಗಳೇ ಇರಲಿಲ್ಲ. ಸವಾರನು ಕಾಲುಗಳಿಂದ ನೆಲವನ್ನು ಒದೆಯುತ್ತಾ ಸಾಗುತ್ತಿದ್ದನು. ಚಿಕ್ಕ ಸೈಕಲು ಇರುವವರು ಹಾಗೆಯೇ ಪೆಡಲುಗಳನ್ನು ಬಿಚ್ಚಿ, ಎರಡೂ ಪಾದಗಳು ನೆಲಕ್ಕೆ ಮುಟ್ಟುವಂತೆ ಸೀಟನ್ನು ಇಳಿಸಲಿ. (ಎಡಪೆಡಲಿನ ತಿರುಪು ವಿರುದ್ಧವಾದದ್ದು, ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ಅದು ಸಡಿಲುವದು.) ಮಗುವು ಸಮನೆಲದಲ್ಲಿ ಒದ್ದು, ಕಾಲೆತ್ತಿ, ತಾನಾಗಿ ತೂಕ ಕಲಿತ ಮೇಲೆ ಪೆಡಲುಗಳನ್ನು ಹಾಕಿದರಾಯಿತು. ದೊಡ್ಡ ಸೈಕಲಿನಲ್ಲಿ ಒಳಪೆಡಲು ಹೊಡೆದು ಕಲಿಯುವವರಿಗಾದರೋ, “ಹತ್ತು ಎಣಿಸಿ ಬಿಡುತ್ತೇನೆ, ಬಿಟ್ಟರೂ ಪಕ್ಕದಲ್ಲಿ ಓಡುತ್ತೇನೆ” ಎಂದು ಮೊದಲೇ ಹೇಳಿ, ಹೇಳಿದಂತೆಯೇ ಮಾಡಲಿ. ಮಗುವು ಒಂದೆರಡು ಸಾರಿ ಹೆಚ್ಚು ಬಿದ್ದೀತು. ತರಚಿದ ಮೊಣಕಾಲು ಕೆಲವು ದಿನಗಳಲ್ಲಿ ಮಾಯುವದು. ಮುರಿದ ಮಾತು ಅಷ್ಟು ಬೇಗ ಮಾಯದು.

ನಮ್ಮ ಕರ್ತನು ಶಿಷ್ಯರನ್ನು ಬಿಟ್ಟುಹೋಗುವ ಗಳಿಗೆ ಬಂದಾಗ ಅದನ್ನು ಅವರಿಗೆ ಮರೆಮಾಡಲಿಲ್ಲ. ತಾನು ಹೋಗುವೆನೆಂದು ಮುಂದಾಗಿ ತಿಳಿಸಿದನು. ಅವರ ದುಃಖವನ್ನು ಕಂಡೂ ಮಾತನ್ನು ಬದಲಿಸಲಿಲ್ಲ. ಬರುವ ಕಷ್ಟಗಳನ್ನು ತೋರಿಸಿ, ಸಹಾಯಕನನ್ನು ಕಳುಹಿಸುವೆನೆಂದು ವಾಗ್ದಾನಮಾಡಿ, ಹಾಗೆಯೇ ನೆರವೇರಿಸಿದನು. ಆದಕಾರಣ ತಂದೆತಾಯಿಗಳಾದ ಪ್ರಿಯರೇ, ಕೈ ಬಿಡಬೇಕಾದಲ್ಲಿ ಧೈರ್ಯವಾಗಿ ಬಿಡೋಣ. ಬಿಟ್ಟೆವೆಂದು ಹೇಳಿಯೇ ಬಿಡೋಣ.