ಲೆಕ್ಕಕ್ಕುಂಟು, ಆಟಕ್ಕಿಲ್ಲ

ಗಾಲ್ಫ್ ಎಂದ ಕೂಡಲೇ ನನ್ನನ್ನು ದೊಡ್ಡ ಕುಳ ಅಂದುಕೊಳ್ಳಬೇಡಿ. ಬೆನ್ನುನೋವಿಗೆ ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದಾಗ, ಸಹೋದ್ಯೋಗಿಯೊಬ್ಬರ ಹಳೆಯ ಕ್ಲಬ್ಬುಗಳನ್ನು ಅರ್ಧ ಬೆಲೆಗೆ ಕೊಂಡು ಪುಣೆಯಲ್ಲಿ ಈ ಆಟಕ್ಕೆ ಬಿದ್ದವನು ನಾನು. ಆಟ ಇನ್ನೂ ಕೈಗೆ ಹತ್ತಿಲ್ಲ. ಆದರೆ ಎಕ್ಸೆಲ್ ಚೆನ್ನಾಗಿ ಬರುತ್ತದೆಂದು ನಮ್ಮ ಬಳಗದ ವಾರ್ಷಿಕ ಟೂರ್ನಮೆಂಟಿನ ಸ್ಕೋರು ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು.

ನಾಲ್ವರ ಆರು ತಂಡಗಳು. ಪ್ರತಿ ಹೋಲ್‌ನಲ್ಲಿ ನಾಲ್ವರೂ ಆಡುತ್ತಾರೆ. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಅವರಲ್ಲಿ ಅತಿ ಒಳ್ಳೆಯ ಒಂದು ಸ್ಕೋರು ಮಾತ್ರ ತಂಡಕ್ಕೆ. ಪಾರ್‌ಗೆ ಎರಡು ಪಾಯಿಂಟು, ಬರ್ಡಿಗೆ ಮೂರು. ಕಳೆದ ವರ್ಷ ಆ ಭಾನುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಫೋನು ಬಂತು. ಒಂದು ತಂಡದಲ್ಲಿ ಮೂವರೇ ಇದ್ದಾರೆ. ನಾಲ್ಕನೆಯವರ ತಾಯಿಯನ್ನು ರಾತ್ರಿ ಆಸ್ಪತ್ರೆಗೆ ಸೇರಿಸಿದ್ದಾರಂತೆ.

ಅವರ ಕಾಲಂನಲ್ಲಿ ಏನು ಬರೆಯುವುದು?

ಚಿಕ್ಕಂದಿನಲ್ಲಿ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನನ್ನ ತಂಗಿ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅತ್ತು ರಂಪ ಮಾಡುತ್ತಾಳೆಂದು ಸೇರಿಸಿಕೊಳ್ಳುತ್ತಿದ್ದೆವು, ಔಟಾದರೂ ಔಟಲ್ಲ. ಇಲ್ಲಿ ಅದೇ ಮಾತು ತಿರುಗುಮುರುಗು.

ಖಾಲಿ ಬಿಡುವುದು ಒಂದು ದಾರಿ. ಆದರೆ ಪ್ರತಿಯೊಬ್ಬನೂ ಐದು ಹೋಲ್‌ಗೊಂದು ಬರ್ಡಿ ಮಾಡುತ್ತಾನೆಂದು ಹಿಡಿದರೆ, ನಾಲ್ವರಲ್ಲಿ ಒಬ್ಬನಾದರೂ ಮಾಡುವ ಸಂಭವ ಶೇ. 59, ಮೂವರಾದರೆ ಶೇ. 49. ಹದಿನೆಂಟು ಹೋಲ್‌ಗೆ ಹೆಚ್ಚು ಕಡಿಮೆ ಎರಡು ಪಾಯಿಂಟು ಹೋಯಿತು. ನಮ್ಮಲ್ಲಿ ಗೆಲುವು ಸೋಲು ಅಷ್ಟರಲ್ಲೇ ಇರುತ್ತದೆ. ಇನ್ನೊಂದು, ಬಾರದವನ ಜಾಗದಲ್ಲಿ ಎಲ್ಲ ಹೋಲ್‌ನಲ್ಲೂ ಪಾರ್ ಮಾಡುವ ಭೂತವೊಂದನ್ನು ಕೂರಿಸುವುದು. ಕೇಳಲು ನ್ಯಾಯವಾಗಿದೆ. ಆದರೆ ಹ್ಯಾಂಡಿಕ್ಯಾಪ್ ಲೆಕ್ಕವಾಗುವುದು ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಮೇಲೆ; ಅಂದರೆ ಅದು ನಮ್ಮ ಒಳ್ಳೆಯ ದಿನಗಳ ಅಳತೆ. ಹದಿನೆಂಟರಲ್ಲೂ ತಪ್ಪದೆ ಪಾರ್ ಮಾಡುವ ಭೂತ ನಮ್ಮಲ್ಲಿ ಯಾರಿಗಿಂತಲೂ ನೆಚ್ಚಿಗೆಯ ಆಟಗಾರ. ಬರ್ಡಿ ಮಾಡುವುದಿಲ್ಲ, ಆದರೆ ಉಳಿದ ಮೂವರೂ ನೀರಿಗೆ ಹೊಡೆದ ದಿನ ಕಾಪಾಡುತ್ತದೆ. ಮೂರನೆಯದು ಚೀಟಿ ಎತ್ತುವುದು: ಬೇರೆ ತಂಡದ ಯಾರದೋ ಹೆಸರು ಬರುತ್ತದೆ, ಅವನ ಕಾರ್ಡೇ ಇವರಿಗೂ ನಾಲ್ಕನೆಯ ಕಾರ್ಡು.

ನಾನು ಚೀಟಿ ಎತ್ತಿಸಿದೆ. ಬಂದದ್ದು ಬಳಗದಲ್ಲೇ ಚೆನ್ನಾಗಿ ಆಡುವವರ ಹೆಸರು. ಆ ತಂಡ ಒಂದು ಪಾಯಿಂಟಿನಿಂದ ಗೆದ್ದಿತು. ಎರಡನೆಯ ಸ್ಥಾನ ಅವರ ಸ್ವಂತ ತಂಡಕ್ಕೆ! “ನನ್ನನ್ನು ನಾನೇ ಸೋಲಿಸಿದೆ” ಎಂದು ಆ ಮನುಷ್ಯ ನಕ್ಕರು. ಅವರ ಜೊತೆಯವರು ನಗಲಿಲ್ಲ. ಒಬ್ಬರು ಚಹಾ ಲೋಟ ಕೆಳಗಿಟ್ಟು ಕೇಳಿದರು: “ತಾಯಿಗೆ ಹುಷಾರಿಲ್ಲ ಅಂತ ಚೀಟಿ ಎತ್ತಿಸಿದಿರಿ. ಅವರು ಮಲಗಿಬಿಟ್ಟು ಬಂದಿರದಿದ್ದರೆ?”

ಖಾಲಿ ಬಿಡುತ್ತಿದ್ದೆ. ಅಲ್ಲಿ ಹಾಗೆನ್ನಲಿಲ್ಲ, ಆದರೆ ನಿಜ ಅದೇ. ಆಟದ ನಿಯಮ ಮಾಡುತ್ತಿದ್ದೇನೆ ಎಂದುಕೊಂಡು ನಾನು ಒಬ್ಬರ ಗೈರುಹಾಜರಿಗೆ ಸರ್ಟಿಫಿಕೇಟು ಬರೆಯುತ್ತಿದ್ದೆ. ಬಾರದವರಿಗಂತೂ ಆ ದಿನ ಸ್ಕೋರೇ ಬೇಕಿರಲಿಲ್ಲ. ಬೇಕಿದ್ದದ್ದು ಕತ್ತಲಲ್ಲೇ ಎದ್ದು ಬಂದ ಮೂವರಿಗೆ. ಗೆಳೆಯ ಆಸ್ಪತ್ರೆಯಲ್ಲಿದ್ದರೂ ಹಾಸಿಗೆಯಲ್ಲಿದ್ದರೂ ಅವರು ಮೂವರೇ.

ರೈಡರ್ ಕಪ್‌ನಲ್ಲಿ ಇದಕ್ಕೊಂದು ವಿಚಿತ್ರ ಏರ್ಪಾಡಿತ್ತು. ಕೊನೆಯ ದಿನದ ಸಿಂಗಲ್ಸ್‌ಗೆ ಮೊದಲು ಎರಡೂ ನಾಯಕರು ತಮ್ಮ ಒಬ್ಬೊಬ್ಬ ಆಟಗಾರನ ಹೆಸರನ್ನು ಲಕೋಟೆಯಲ್ಲಿಟ್ಟು ಕೊಡಬೇಕು. ಎದುರು ತಂಡದವನೊಬ್ಬ ಗಾಯಗೊಂಡು ಹೊರಗುಳಿದರೆ ಲಕೋಟೆಯಲ್ಲಿರುವವನೂ ಕೂರುತ್ತಾನೆ. ತಲಾ ಅರ್ಧ ಪಾಯಿಂಟು. 2025ರಲ್ಲಿ ನ್ಯೂಯಾರ್ಕ್‌ನ ಬೆತ್‌ಪೇಜ್‌ನಲ್ಲಿ ಯುರೋಪಿನ ವಿಕ್ಟರ್ ಹೋವ್‌ಲಂಡ್‌ಗೆ ಕತ್ತು ನೋವಾದಾಗ, ಏನೂ ಆಗಿರದ ಅಮೆರಿಕದ ಹ್ಯಾರಿಸ್ ಇಂಗ್ಲಿಷ್ ಕೂರಬೇಕಾಯಿತು. ಯುರೋಪ್ 15-13ರಲ್ಲಿ ಗೆದ್ದಿತು. ನಿಯಮ ಬದಲಾಗಲೇಬೇಕೆಂದು ಅಮೆರಿಕದ ನಾಯಕ ಸಿಡುಕಿದರು.

ನನ್ನನ್ನು ಕಾಡುವುದು ಫಲಿತಾಂಶವಲ್ಲ, ಲಕೋಟೆ. ಯಾರು ಹೋದರೆ ನಷ್ಟ ಕಡಿಮೆಯೋ ಅವರ ಹೆಸರೇ ಅಲ್ಲವೇ ಅಲ್ಲಿ ಹೋಗುವುದು? 1991ರಲ್ಲಿ ಅಮೆರಿಕದ ಸ್ಟೀವ್ ಪೇಟ್ ಗಾಯಗೊಂಡಾಗ ಲಕೋಟೆಯಿಂದ ಹೊರಬಂದದ್ದು ಡೇವಿಡ್ ಗಿಲ್‌ಫರ್ಡ್ ಹೆಸರು, ಮೊದಲ ಸಲ ರೈಡರ್ ಕಪ್ ಆಡುತ್ತಿದ್ದ ಹುಡುಗ. ಪೇಟ್‌ಗೆ ಆಗಿದ್ದು ಮೈಗೆ ಪೆಟ್ಟು. ಗಿಲ್‌ಫರ್ಡ್‌ಗೆ ತನ್ನ ನಾಯಕ ತನ್ನ ಬಗ್ಗೆ ಏನೆಂದುಕೊಂಡಿದ್ದಾನೆಂಬುದು ಊರಿಗೆಲ್ಲ ತಿಳಿದದ್ದು. ಎರಡು ವರ್ಷದ ಮೇಲೆ ಸ್ಯಾಮ್ ಟೊರೆನ್ಸ್ ಕಾಲ್ಬೆರಳ ನೋವಿನಿಂದ ಆಡಲಾಗದಾಗ, ಅಮೆರಿಕದ ಲಕೋಟೆಯಲ್ಲಿದ್ದದ್ದು ಲ್ಯಾನಿ ವಾಡ್‌ಕಿನ್ಸ್. ಅವರು ತಾವಾಗಿಯೇ ನನ್ನ ಹೆಸರು ಹಾಕಿ ಎಂದಿದ್ದರು: ಉಳಿದವರು ಪಾಯಿಂಟು ಗಳಿಸಿ ತಂಡಕ್ಕೆ ಬಂದವರು, ನಾನು ನಾಯಕ ಆರಿಸಿದ್ದರಿಂದ ಬಂದವನು ಎಂದು.

ಎರಡು ವರ್ಷದ ಹಿಂದೆ ನಾನೂ ಒಂದು ಲಕೋಟೆ ತುಂಬಿದ್ದೆ. ಆಫೀಸಿನ ಅಪ್ರೈಸಲ್, ಬೆಲ್ ಕರ್ವ್. ಹನ್ನೊಂದು ಜನರಲ್ಲಿ ಒಬ್ಬರನ್ನು ಕೆಳಗೆ ಹಾಕಲೇಬೇಕು. ಟೀಮಿನಲ್ಲಿ ಶಿವಮೊಗ್ಗ ಕಡೆಯ ಒಬ್ಬಳಿದ್ದಳು. ಆಫೀಸಿನಲ್ಲಿ ನಾನು ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಅವಳೊಬ್ಬಳ ಜೊತೆ. ತಂದೆಯ ಡಯಾಲಿಸಿಸ್‌ಗೆಂದು ಅವಳು ನಾಲ್ಕು ತಿಂಗಳು ಊರಲ್ಲಿದ್ದಳು. ಉಳಿದ ಹತ್ತು ಜನ ದಿನಾ ಎದುರಿಗೆ ಕೂರುವವರು, ಮಾರನೆಯ ದಿನ ಮುಖ ನೋಡಬೇಕಾದವರು. ಅವಳ ಹೆಸರು ಬರೆದೆ. ಕೆಲಸ ಕೆಟ್ಟದ್ದೆಂದಲ್ಲ. ಅವಳು ಅಲ್ಲಿರಲಿಲ್ಲ.

ವಾಪಸು ಬಂದವಳು ಜಗಳವಾಡಲಿಲ್ಲ. “ಸರ್, ನಾನಿದ್ದ ಎಂಟು ತಿಂಗಳಿಗೆ ನೀವೇ ಒಳ್ಳೇ ಮೇಲ್ ಕಳಿಸಿದ್ರಿ. ಇಲ್ಲದ ನಾಲ್ಕು ತಿಂಗಳಿಗೆ ಏನಂತ ಬರೆದ್ರಿ?” ಅಂದಳು. ಸೊನ್ನೆ ಬರೆದಿದ್ದೆ. ಹನ್ನೆರಡರಿಂದ ಭಾಗಿಸಿದ್ದೆ. ಎಂಟರಿಂದ ಭಾಗಿಸಬಹುದಿತ್ತೆಂದು ಎಂಟೆಕ್ ಮಾಡಿದವನಿಗೆ ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ? ಪಟ್ಟಿ ಅಷ್ಟರಲ್ಲಿ ಮುಚ್ಚಿತ್ತು. ಜೂನ್‌ನಲ್ಲಿ ಅವಳು ಬೇರೆ ಟೀಮಿಗೆ ಹೋದಳು.

ಈ ಸಲದ ಟೂರ್ನಮೆಂಟಿನ ನಿಯಮವನ್ನು ಆಹ್ವಾನದಲ್ಲೇ ಹಾಕಿದ್ದೇವೆ: ಯಾರೇ ತಪ್ಪಿಸಿಕೊಳ್ಳಲಿ, ಕಾರಣ ಕೇಳುವುದಿಲ್ಲ, ಉಳಿದ ಮೂವರು ಸರದಿಯಂತೆ ಹೋಲ್‌ಗೊಬ್ಬರು ಇನ್ನೊಂದು ಚೆಂಡು ಆಡಬೇಕು. ನಮ್ಮ ಓಣಿಯ ಡಬಲ್ ಬ್ಯಾಟಿಂಗೇ ಇದು. ಆಟ ಉದ್ದವಾಗುತ್ತದೆ, ಬಿಸಿಲು ಏರುತ್ತದೆ ಎಂದು ಈಗಲೇ ಗೊಣಗಾಟ ಶುರುವಾಗಿದೆ.

ಆಫೀಸಿನ ಫಾರ್ಮು ಮುಂದಿನ ವಾರ ಬರುತ್ತದೆ. ಈ ವರ್ಷ ದೀರ್ಘ ರಜೆಯಲ್ಲಿರುವವರು ಇಬ್ಬರು. ಅವರು ಇಲ್ಲದ ತಿಂಗಳುಗಳನ್ನು ಲೆಕ್ಕದಿಂದ ತೆಗೆಯಬೇಕೆಂದು ಎಚ್‌ಆರ್‌ಗೆ ಬರೆದಿದ್ದೇನೆ. ಹಾಗಾದರೆ ಕೆಳಗೆ ಯಾರ ಹೆಸರು ಹಾಕುತ್ತೀರಿ ಎಂದು ಮರುಪ್ರಶ್ನೆ ಬಂದಿದೆ. ಮೇಲ್ ತೆರೆದಿಟ್ಟುಕೊಂಡು ಕೂತಿದ್ದೇನೆ.