ಕಾಸು ಬಿಚ್ಚುವ ಮುನ್ನ



ವರ್ಕಾಡಿ ಕಡೆಯ ಭಕ್ತರು ಮಠಕ್ಕೆ ಬಂದಾಗ ಅಡಿಕೆ ಧಾರಣೆಯ ಮಾತು ಮುಗಿದೊಡನೆ ಕಾರಿನ ಮಾತು ಎತ್ತುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದ ಮೇಲಂತೂ, "ಸ್ವಾಮೀಜಿ, ಈಗ ತೆಗೆದುಕೊಳ್ಳಬಹುದೇ?" ಎಂದು ಕೇಳುವವರೂ ಇದ್ದಾರೆ. ಕಾವಿ ಉಟ್ಟವರನ್ನು ಕೇಳುವ ಪ್ರಶ್ನೆಯೇ ಇದು ಎಂದು ಕೆಲವರಿಗೆ ಅನ್ನಿಸೀತು. ನಮಗೆ ಹಾಗೆ ಅನ್ನಿಸುವುದಿಲ್ಲ. ಬೆವರು ಸುರಿಸಿ ಗಳಿಸಿದ್ದು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದೂ ಕಾಯಕದ ವಿಚಾರವೇ ಆಗಿದೆ.

ಕಾರು ಬೇಡವೆಂದು ಹೇಳುವವರು ನಾವಲ್ಲ. ನಿಮ್ಮದು ಗುಡ್ಡ ಬೈಲುಗಳ ಊರು. ನಡುರಾತ್ರಿ ಎದೆನೋವು ಬಂದರೆ ಗಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ ಓಡಬೇಕು; ಬಸ್ಸಿಗೆ ಕಾಯುತ್ತ ಕೂರಲಾಗದು. ಹಾಗೆಂದು ಕಾರೊಂದಿದ್ದರೆ ಎಲ್ಲವೂ ಆಯಿತೆಂದಲ್ಲ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೂ ಮಣ್ಣು ಸುರಿದಾಗ, ಅಂಗಳದಲ್ಲಿ ವಾಹನವಿದ್ದ ಮನೆಯ ರೋಗಿಯೂ ಇಲ್ಲದ ಮನೆಯ ರೋಗಿಯೂ ಒಂದೇ ಸಾಲಿನಲ್ಲಿ ನಿಂತರು. ಆ ದಿನಗಳನ್ನು ನೀವು ಮರೆತಿರಲಾರಿರಿ.

ನಮ್ಮ ಚಿಂತೆ ಇರುವುದು ಸಾಲದ ಕಾರಿನ ಬಗ್ಗೆ. 6 ಲಕ್ಷ ರೂಪಾಯಿಯನ್ನು ಶೇಕಡಾ 9ರ ಬಡ್ಡಿಗೆ 7 ವರ್ಷದ ಮಟ್ಟಿಗೆ ತಂದರೆ ತಿಂಗಳ ಕಂತು ಸುಮಾರು 9,650 ರೂಪಾಯಿ. ಕೊನೆಗೆ ಕಟ್ಟಿದ್ದು 8 ಲಕ್ಷ 10 ಸಾವಿರ. ತೆರಿಗೆಯಲ್ಲಿ ಉಳಿಯಿತೆಂದು ಸಂತೋಷಪಟ್ಟ ಹಣ ಬಡ್ಡಿಯ ಬಾಗಿಲಿನಿಂದ ಹೊರಗೆ ಹೋಯಿತು! ಅಂಗಡಿಯವರಿಗೆ ದಿನವೂ ಗಲ್ಲಾಪೆಟ್ಟಿಗೆ ತುಂಬುತ್ತದೆ, ಅವರು ಹೇಗೋ ತೂಗಿಸಿಯಾರು. ಕೃಷಿಕನ ಮಾತು ಬೇರೆ. ಅಡಿಕೆ ಮರ ತಿಂಗಳಿಗೊಮ್ಮೆ ಕಂತು ಕೊಡುವುದಿಲ್ಲ. ಕೊಯ್ಲಾಗಬೇಕು, ಅಂಗಳದಲ್ಲಿ ನಲವತ್ತು ದಿನದ ಬಿಸಿಲು ಕಾಣಬೇಕು, ಸುಲಿಯಬೇಕು. ಅದರ ಮೇಲೂ ತಾಳ್ಮೆ ಇದ್ದವನು ಹೊಸ ಅಡಿಕೆಯನ್ನು ಒಂದು ವರ್ಷ ದಾಸ್ತಾನಿಟ್ಟು ಸಿಂಗಲ್ ಚೋಲ್ ಮಾಡುತ್ತಾನೆ, ಇನ್ನೊಂದು ವರ್ಷ ಕಾದರೆ ಡಬ್ಬಲ್ ಚೋಲ್. ಕಾಯುವ ಶಕ್ತಿಯೇ ಅವನ ಬಂಡವಾಳ. ಪ್ರತಿ ತಿಂಗಳು 5ನೇ ತಾರೀಕಿಗೆ ಬ್ಯಾಂಕಿಗೆ ಹಣ ಹಾಕಬೇಕಾದವನಿಗೆ ಕಾಯುವುದೆಲ್ಲಿ ಬಂತು? ಧಾರಣೆ ಬಿದ್ದ ವಾರದಲ್ಲೇ ಚೀಲ ಕಟ್ಟಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಮಳೆಗಾಲದಲ್ಲಿದೆ. ಕೈಯಲ್ಲಿದ್ದ ಕಾಸು ಕಂತಿಗೆ ಹೋಗಿ ಎರಡನೆಯ ಸಲದ ಮದ್ದು ಬಿಡುವುದು ಹದಿನೈದು ದಿನ ಹಿಂದೆ ಬಿದ್ದರೆ ಕೊಳೆರೋಗ ನಮಗಾಗಿ ಕಾಯುವುದಿಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಒಂದು ಪೀಪಾಯಿ ಬೋರ್ಡೋ ದ್ರಾವಣದ ಸಾಮಾನು ಕಾರಿನ ಒಂದು ಟಯರಿನ ಬೆಲೆಗೂ ಬಾರದು. ಆದರೂ ತೋಟದ ಖರ್ಚನ್ನೇ ಮೊದಲು ಕಡಿಯುವ ಬುದ್ಧಿ ನಮ್ಮಲ್ಲಿ ಹೇಗೋ ಬಂದುಬಿಟ್ಟಿದೆ. ಮರ ಹತ್ತುವವನ ಮಜೂರಿ ಹೆಚ್ಚಾಯಿತೆಂದು ಗೊಣಗುವವರ ಮಾತನ್ನೂ ನಾವು ಕೇಳಿದ್ದೇವೆ. ಜಾರುವ ಮರದ ತುದಿಯಲ್ಲಿ ಜೀವ ಕೈಯಲ್ಲಿ ಹಿಡಿದು ನಿಲ್ಲುವ ಅವನಿಗೆ ಕೊಡುವ ಹಣವನ್ನು ದುಬಾರಿ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಇನ್ನು ಹೋಟೆಲಿನ ಊಟ. ಭಾನುವಾರ ಮಂಗಳೂರಿಗೆ ಹೋಗಿ ತಿಂದು ಬರುವುದನ್ನು ಹಿರಿಯರು ಕೆಲವರು ಆಕ್ಷೇಪಿಸುತ್ತಾರೆ. ತಿಂಗಳಿಗೊಂದು ದಿನ ಮನೆಯ ತಾಯಂದಿರಿಗೆ ಒಲೆಯ ಮುಂದಿನಿಂದ ಬಿಡುವು ಸಿಗುವುದಾದರೆ ಅದು ದಂಡದ ಖರ್ಚಲ್ಲ ಎಂಬುದು ನಮ್ಮ ಅಭಿಪ್ರಾಯ, ಹಿರಿಯರು ಸಿಟ್ಟಾಗಬಾರದು. ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುವುದು ಮಾತ್ರ ಪ್ರಸಾದವೆಂದು ಉಣ್ಣುವವರ ಲಕ್ಷಣವಲ್ಲ. ಬಿಲ್ಲಿನಲ್ಲಿ ಸೇವಾ ಶುಲ್ಕವೆಂದು ತಾನಾಗಿ ಸೇರಿಸಿದ್ದರೆ ಕೊಡಲೇಬೇಕೆಂದಿಲ್ಲ. 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದನ್ನು ಸ್ಪಷ್ಟಪಡಿಸಿದೆ. ಆ ಹಣವನ್ನು ಎಲೆ ಎತ್ತುವ ಹುಡುಗನ ಕೈಗೆ ಕೊಡಿ. ಬರುವ ದಾರಿಯಲ್ಲಿ ಹೊಸಂಗಡಿಯಲ್ಲಿ ಬಸಳೆ ಮಾರುವ ಅಜ್ಜಿಯೊಡನೆ ಐದು ರೂಪಾಯಿಗೆ ಚೌಕಾಸಿಯನ್ನಂತೂ ಮಾಡಬೇಡಿ.

ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬಾ ಎಂದಳಲ್ಲವೇ? ಬಡತನವನ್ನು ಮೆಚ್ಚಿ ಹೇಳಿದ ಮಾತಲ್ಲ ಅದು. ಇಂದಿನ ಮನೆಗೆ, ಇಂದಿನ ದಾಸೋಹಕ್ಕೆ ಎಷ್ಟು ಬೇಕೆಂಬ ಲೆಕ್ಕ ಆ ತಾಯಿಗೆ ಗೊತ್ತಿತ್ತು. ಕಾರಿನ ಅಂಗಡಿಗೆ ಹೋಗುವ ಮುನ್ನ ಮನೆಯ ಯಜಮಾನರು ಮಡದಿಯ ಮುಂದೆ ಲೆಕ್ಕದ ಪುಸ್ತಕ ಬಿಚ್ಚಿ ಕುಳಿತರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮಗಳ ಕಾಲೇಜಿನ ಫೀಸು, ಮದ್ದು ಬಿಡುವವರ ಮಜೂರಿ, ವೃದ್ಧರ ಔಷಧಿ, ಇವಿಷ್ಟನ್ನು ಬದಿಗಿಟ್ಟು ಉಳಿದದ್ದರಲ್ಲಿ ಕಾರು ಬರುವುದಾದರೆ ಬರಲಿ, ನಾವೇ ವಿಭೂತಿ ಹಚ್ಚಿ ಹರಸುತ್ತೇವೆ.

ಈಗಾಗಲೇ ಕಾರು ಇರುವ ಭಕ್ತರು ಬರುವ ಅಮಾವಾಸ್ಯೆಗೆ ಖಾಲಿ ಸೀಟಿನಲ್ಲಿ ನೆರೆಮನೆಯ ಅಜ್ಜ ಅಜ್ಜಿಯರನ್ನೂ ಕೂರಿಸಿಕೊಂಡು ಬರಬೇಕು. ಸ್ವಲ್ಪ ತಡವಾದರೂ ಪ್ರಸಾದಕ್ಕೆ ಕಾದಿರುತ್ತೇವೆ.