‘ನಡೀತೈತಿ’ ಅನ್ನುವ ಮಾತು

ಟೈರಿನ ಬಗ್ಗೆ ಬರೆಯಲು ಕುಳಿತಿದ್ದೇನೆ ಎಂದಾಗ ನಮ್ಮ ಮನೆಯವರು ಪೇಪರು ಕೆಳಗಿಳಿಸಿ ನಕ್ಕರು. ಸ್ಕೂಟಿಯ ಗಾಳಿ ಹೋದರೆ ಓಣಿಯ ಹುಡುಗರನ್ನು ಕೂಗುವವಳು ನಾನು. ನಗುವುದು ಸಹಜವೇ. ಆದರೆ ಕಳೆದ ನವೆಂಬರಿನಲ್ಲಿ ಟೈರು ನಮ್ಮ ಮನೆಯೊಳಗೆ ಬಂದು ಕುಳಿತಿತು. ಎಷ್ಟೋ ವರ್ಷದಿಂದ ನಾನು ಮುಚ್ಚಿಟ್ಟುಕೊಂಡಿದ್ದ ಒಂದು ಸಂಗತಿಯನ್ನೂ ಹೊರಗೆ ಎಳೆಯಿತು.

ನನ್ನ ಮಗಳು ಕೆನಡಾದ ಬ್ರಾಂಪ್ಟನ್ ಎಂಬ ಊರಲ್ಲಿದ್ದಾಳೆ, ಟೊರಾಂಟೊ ಪಕ್ಕದಲ್ಲಿ. ಅಳಿಯನಿಗೆ ಸಣ್ಣಂದಿನಿಂದ ಜೋರಾಗಿ ಓಡುವ ಕಾರಿನ ಆಸೆ. ಬೇಸಿಗೆಯಲ್ಲಿ ಅಂಥದೊಂದನ್ನು ಕೊಂಡ. ಅದಕ್ಕೆ ಬಂದಿದ್ದವು ಬೇಸಿಗೆಯ ಟೈರು, ಅಗಲವಾದವು, ರಸ್ತೆಗೆ ಅಂಟಿಕೊಂಡು ಓಡುವಂಥವು. ಚಳಿ ಬಂತೆಂದರೆ ಅವನ್ನು ತೆಗೆಯಲೇಬೇಕಂತೆ. ಚಳಿಗಾಲಕ್ಕೆಂದೇ ಬೇರೆ ನಾಲ್ಕು ಟೈರು ಕೊಂಡು ನವೆಂಬರಿನಲ್ಲಿ ಹಾಕಿಸಿ ಏಪ್ರಿಲಿನಲ್ಲಿ ಬಿಚ್ಚಿಸುವುದು ಒಂದು ದಾರಿ. ವರ್ಷವಿಡೀ ಓಡುವ ‘ಆಲ್ ಸೀಸನ್’ ಟೈರು ಹಾಕಿಸಿ ಸುಮ್ಮನಿರುವುದು ಇನ್ನೊಂದು. ಅವಳು ಅದು ಅಂದಳು, ಅವನು ಇದು ಅಂದ. ಒಂದು ದಿನ ಬೆಳಗಿನ ಆರಕ್ಕೆ ಫೋನು ಬಂತು, ಅಲ್ಲಿ ಹಿಂದಿನ ದಿನದ ರಾತ್ರಿ ಏಳೂವರೆ. “ಅವ್ವಾ, ನೀನ ಹೇಳು” ಅಂದಳು.

ನನಗೆ ನಗು ಬಂತು. ನಮ್ಮ ಕೊಪ್ಪಳದಲ್ಲಿ ಚಳಿಗಾಲವೆಂದರೆ ಜನವರಿಯಲ್ಲಿ ಗವಿಮಠದ ಜಾತ್ರೆಗೆ ಹೋಗುವಾಗ ಹೆಗಲಿಗೊಂದು ಶಾಲು. ಏಪ್ರಿಲ್ ಬಂತೆಂದರೆ ಡಾಂಬರು ಚಪ್ಪಲಿಗೆ ಅಂಟುತ್ತದೆ. ಟೈರಿಗೂ ಸ್ವೆಟರು ಹಾಕುತ್ತಾರೇನೇ ಎಂದೆ. ಆಗ ಅಳಿಯ ತಾನೇ ಫೋನು ತೆಗೆದುಕೊಂಡು ತಿಳಿಸಿ ಹೇಳಿದ. ಆಮೇಲೆ ನಾನೂ ಅಲ್ಲಿ ಇಲ್ಲಿ ಓದಿಕೊಂಡೆ.

ರಬ್ಬರಿನ ಹುಟ್ಟುಗುಣವೇ ಹಾಗೆ. ಮೊದಮೊದಲು ಅಮೆರಿಕದಲ್ಲಿ ರಬ್ಬರಿನ ಬೂಟು ಮಾಡಿ ಮಾರಿದಾಗ ಅವು ಬೇಸಿಗೆಯಲ್ಲಿ ಕರಗಿ ಅಂಟಾಗುತ್ತಿದ್ದವು, ಚಳಿಯಲ್ಲಿ ಬಿರಿದು ಹೋಗುತ್ತಿದ್ದವು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಸಿದರೆ ಎರಡನ್ನೂ ತಡೆದುಕೊಳ್ಳುತ್ತದೆ ಎಂದು ಕಂಡುಕೊಂಡ. ಅವನು ಸತ್ತಿದ್ದು ಮಾತ್ರ ಸಾಲದಲ್ಲಿ. ಅವನಿಂದಾಗಿ ರಬ್ಬರು ಪಳಗಿತು, ಆದರೆ ಪೂರಾ ಪಳಗಲಿಲ್ಲ. ಬೇಸಿಗೆಯ ಟೈರು ಏಳು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬಿರುಸಾಗುತ್ತದೆ, ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರು ಆಗಲೂ ಮೆತ್ತಗಿರುತ್ತದೆ, ಮೈತುಂಬ ಇರುವ ಸಣ್ಣ ಸಣ್ಣ ಸೀಳುಗಳಿಂದ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಸೆಕೆಗೆ ಮಾತ್ರ ಅದು ಬೇಗ ಸವೆಯುತ್ತದೆ, ಬ್ರೇಕು ಹಿಡಿದರೆ ತಡವಾಗಿ ನಿಲ್ಲುತ್ತದೆ. ಆಲ್ ಸೀಸನ್ ಇವೆರಡರ ನಡುವಿನದು. ಎರಡೂ ಕಾಲಕ್ಕೆ ಅಷ್ಟಿಷ್ಟು ಸಲ್ಲುತ್ತದೆ, ಯಾವ ಕಾಲಕ್ಕೂ ಪೂರ್ತಿ ಅಲ್ಲ. ಅಂಥ ಕಾರಿಗೆ ಅದನ್ನು ಹಾಕಿದರೆ ಯಾವ ಓಟಕ್ಕಾಗಿ ದುಡ್ಡು ಸುರಿದಿದ್ದೋ ಆ ಓಟವೂ ಬೇಸಿಗೆಯಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ.

ಪಕ್ಕದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಾನೂನು. ಇವರಿರುವ ಒಂಟಾರಿಯೊದಲ್ಲಿ ಹಾಗಿಲ್ಲ. ಹಾಕಿಸಿದವರಿಗೆ ವಿಮೆಯಲ್ಲಿ ರಿಯಾಯಿತಿ ಕೊಡಬೇಕೆಂದು 2016ರಿಂದ ನಿಯಮವಿದೆ, ಅಷ್ಟೇ. ಉಳಿದದ್ದು ಅವರವರ ವಿವೇಕಕ್ಕೆ ಬಿಟ್ಟದ್ದು.

“ನೋಡ್ರಿ ಅತ್ತಿ, ಇಲ್ಲಿ ರಸ್ತೇಕ ಉಪ್ಪು ಹಾಕ್ತಾರ, ಹಿಮ ತೆಗೀತಾರ. ಭಾಳ ಕೆಟ್ಟ ದಿನ ಅಂದ್ರ ವರ್ಷಕ್ಕ ಹತ್ತೋ ಹದಿನೈದೋ. ಅಷ್ಟಕ್ಕ ಮತ್ತ ನಾಕು ಟೈರು, ಅವನ್ನ ಇಡಾಕ ಜಾಗಾ. ಆಲ್ ಸೀಸನ್ ನಡೀತೈತ್ರಿ” ಅಂದ ಅಳಿಯ.

ತಪ್ಪೇನೂ ಆಡಲಿಲ್ಲ ಹುಡುಗ. ಆದರೆ ಆ ‘ನಡೀತೈತಿ’ ಅನ್ನುವ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಚುಚ್ಚಿತು. ಸಂಜೆ ಮಾತಾಡೋಣ ಎಂದು ಫೋನು ಇಟ್ಟೆ.

ಗಾಲಿಗೂ ಒಂದು ಕಾಲವಿದೆ ಅನ್ನುವುದು ನಮ್ಮ ಕಡೆಯವರಿಗೆ ಹೊಸದಲ್ಲ. ನನ್ನ ತವರು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ಬೇಸಿಗೆಯಲ್ಲಿ ಬಂಡಿಯ ಗಾಲಿಯ ಕಟ್ಟಿಗೆ ಒಣಗಿ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲಾಗುತ್ತಿತ್ತು. ಅಪ್ಪ ಗಾಲಿ ಬಿಚ್ಚಿ ನೀರಿನಲ್ಲಿ ನೆನೆಹಾಕುತ್ತಿದ್ದ. ತೀರಾ ಸಡಿಲಾಗಿದ್ದರೆ ಮಳೆಗಾಲಕ್ಕೆ ಮೊದಲು ಕಮ್ಮಾರನ ಹತ್ತಿರ ಒಯ್ಯುತ್ತಿದ್ದ. ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ ಗಾಲಿಗೆ ತೊಡಿಸಿ ನೀರು ಸುರಿದಾಗ ಚುಂಯ್ ಎಂದು ಕಬ್ಬಿಣ ಕಟ್ಟಿಗೆಯನ್ನು ಬಿಗಿದಪ್ಪುವುದನ್ನು ನಾವು ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದೆವು. ಎರೆಭೂಮಿ ಹಸಿಯಾದ ದಿನ ಮಾತ್ರ ಅಪ್ಪ ಬಂಡಿ ಹೂಡುತ್ತಿರಲಿಲ್ಲ. “ಎತ್ತಿನ ಹೆಗಲು ನಂದಲ್ಲ” ಅನ್ನುತ್ತಿದ್ದ.

ತಂಗಿಯನ್ನು ಕೊಟ್ಟಿರುವುದು ಗಂಗಾವತಿ ಕಡೆಗೆ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಅಲ್ಲಿ ಗದ್ದೆಯ ಕೆಸರು ತುಳಿಯಲು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್‌ವೀಲ್ ಹಾಕುತ್ತಾರೆ. ಕೆಸರಿಗೆ ಅದಕ್ಕಿಂತ ಒಳ್ಳೆಯ ಗಾಲಿ ಇಲ್ಲ, ಡಾಂಬರಿಗೆ ಅದಕ್ಕಿಂತ ಕೆಟ್ಟದ್ದೂ ಇಲ್ಲ. ಬಿಚ್ಚಿ ಹಾಕುವ ಬೇಸರಕ್ಕೆ ಕೆಲವರು ಹಾಗೆಯೇ ರಸ್ತೆಗೆ ಇಳಿಸುತ್ತಾರೆ. ಅರ್ಧ ಗಂಟೆ ಉಳಿಯುವುದು ಅವರಿಗೆ, ಕಿತ್ತ ರಸ್ತೆಯಲ್ಲಿ ಬೀಳುವವರು ಸೈಕಲ್ಲಿನ ಮೇಲೆ ಶಾಲೆಗೆ ಹೋಗುವ ಮಕ್ಕಳು.

ಹೀಗೆ ಬೇರೆಯವರ ತಪ್ಪು ಎಣಿಸುತ್ತ ಕೂತಾಗ ನನ್ನದೇ ನೆನಪಿಗೆ ಬಂತು.

2004ರ ಮಾತು. ಆಗ ನಮಗೆ ಬೀಜ-ಗೊಬ್ಬರದ ಅಂಗಡಿ ಇತ್ತು. ಹಳ್ಳಿಗಳಿಗೆ ಮಾಲು ಒಯ್ಯಲು ಒಂದು ಹಳೆಯ ವ್ಯಾನು, ಅದಕ್ಕೊಬ್ಬ ಡ್ರೈವರ್ ಹುಡುಗ. ಲೆಕ್ಕ ನೋಡುವವಳು ನಾನು. ಮಳೆಗಾಲದ ಆರಂಭದಲ್ಲಿ ಒಮ್ಮೆ, ಮತ್ತೆ ಶ್ರಾವಣದಲ್ಲಿ ಒಮ್ಮೆ ಅವನು ಬಾಗಿಲಲ್ಲಿ ನಿಂತು, “ಅಕ್ಕಾರ, ಟೈರ್ ಬೋಳಾಗ್ಯಾವ್ರಿ. ಮಳಿಯಾಗ ಬ್ರೇಕ್ ನಿಲ್ಲೂದಿಲ್ರಿ” ಅಂದ. ಮಗಳಿಗೆಂದು ಒಂದು ಜೊತೆ ಬಳೆ ಮಾಡಿಸಲು ನಾನು ದುಡ್ಡು ಕೂಡಿಸುತ್ತಿದ್ದೆ. “ಈ ಮಳಿಗಾಲ ನಡೀತೈತಿ ತಗೋ, ದೀಪಾವಳಿಗೆ ಹಾಕಸೂಣು” ಅಂದೆ, ಎರಡು ಸಲವೂ.

ಸೆಪ್ಟೆಂಬರಿನಲ್ಲಿ ಕುಷ್ಟಗಿಯಿಂದ ಯಲಬುರ್ಗಾಕ್ಕೆ ಬರುವಾಗ ಹೊಲದ ಎರೆಮಣ್ಣು ಮಳೆಗೆ ಕೊಚ್ಚಿ ರಸ್ತೆಯ ಮೇಲೆ ಹರಡಿತ್ತಂತೆ. ವ್ಯಾನು ಜಾರಿ ತಗ್ಗಿಗೆ ಬಿತ್ತು. ಅವನ ಎಡಗೈ ಮುರಿಯಿತು. ಆಸ್ಪತ್ರೆಯ ಖರ್ಚು ಕೊಟ್ಟೆವು, ಪಗಾರವನ್ನೂ ನಿಲ್ಲಿಸಲಿಲ್ಲ. ಆದರೆ ಮೊಳಕೈ ಆಮೇಲೆ ಪೂರ್ತಿ ನೆಟ್ಟಗಾಗಲೇ ಇಲ್ಲ. ನೋಡಲು ಹೋದಾಗ ಅವನು, “ಮಳಿ ಜೋರಿತ್ರಿ ಅಕ್ಕಾರ, ನನ್ನ ನಸೀಬ” ಅಂದ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಮಳೆಗಾಲದಲ್ಲಿ ನಾನೂ ನಾಲ್ಕೈದು ಸಲ ತವರಿಗೆ ಹೋಗಿದ್ದೆ. ಪ್ರತಿ ಸಲವೂ ಬಸ್ಸಿನಲ್ಲಿ. ಮಳೆಯಲ್ಲಿ ಆ ವ್ಯಾನು ಹತ್ತಬಾರದು ಅನ್ನುವುದು ನನ್ನ ಮೈಗೆ ಗೊತ್ತಿತ್ತು, ಬಾಯಿ ಮಾತ್ರ ‘ನಡೀತೈತಿ’ ಅಂದಿತ್ತು. ಟೈರಿನ ಸಾಲುಗಳ ನಡುವೆ ಸಣ್ಣ ರಬ್ಬರಿನ ಗುರುತು ಇರುತ್ತದೆ, ಸಾಲು 1.6 ಮಿಲಿಮೀಟರಿನವರೆಗೆ ಸವೆದು ಆ ಗುರುತಿಗೆ ಸಮವಾದರೆ ಟೈರು ಮುಗಿಯಿತು ಎಂದು ಈಗ ಓದಿ ತಿಳಿದೆ. ಆಗ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವಂತಿಲ್ಲ. ಗೊತ್ತಿದ್ದವನು ಬಾಗಿಲಿಗೆ ಬಂದು ಹೇಳಿದ್ದ.

‘ನಡೀತೈತಿ’ ಕೆಟ್ಟ ಮಾತೇನಲ್ಲ. ನಮ್ಮಂಥವರ ಸಂಸಾರ ನಿಂತಿರುವುದೇ ಅದರ ಮೇಲೆ. ಹರಿದ ಚಪ್ಪಲಿ ನಡೀತೈತಿ, ಹಳೇ ಕನ್ನಡಕ ನಡೀತೈತಿ, ಮೈಯಲ್ಲಿ ಜ್ವರವಿದ್ದರೂ ರೊಟ್ಟಿ ಬಡಿಯುವುದು ನಡೀತೈತಿ. ನಾವು ಹೆಂಗಸರು ಎಲ್ಲಕ್ಕಿಂತ ಹೆಚ್ಚಾಗಿ ಇದನ್ನು ನಮ್ಮ ಮೈಗೇ ಹೇಳಿಕೊಂಡು ಬಂದವರು, ಮನೆಯ ಆಲ್ ಸೀಸನ್ ಟೈರು ನಾವೇ. ಅದಕ್ಕೇ ಇರಬೇಕು, ಆ ಮಾತನ್ನು ಇನ್ನೊಬ್ಬರ ಮೈಗೆ ಹೇಳುವಾಗಲೂ ನಮಗೆ ಏನೂ ಅನ್ನಿಸುವುದಿಲ್ಲ. ನನ್ನ ಕೈಯ ಬಗ್ಗೆ ನಾನು ಅಂದರೆ ಅದು ಕಾಟಕಸರು. ಆ ಹುಡುಗನ ಕೈಯ ಬಗ್ಗೆ ನಾನು ಅಂದದ್ದು ಏನು? ಅದಕ್ಕೆ ಬೇರೆ ಹೆಸರಿಡಬೇಕು.

ಹಾಗೆಂದು ಎಲ್ಲ ಅಪಾಯಕ್ಕೂ ಒಂದೊಂದು ಟೈರು ಕೊಳ್ಳಲು ಆಗುತ್ತದೆಯೇ? ಬಡವ ರಿಸೋಲ್ ಟೈರಿನ ಮೇಲೆಯೇ ಗಾಡಿ ಓಡಿಸಬೇಕು, ಇಲ್ಲವಾದರೆ ಅವನ ಒಲೆ ಹೊತ್ತುವುದಿಲ್ಲ. ನಮ್ಮ ಕೊಪ್ಪಳದಲ್ಲಿ ಚಳಿಗಾಲದ ಟೈರು ಹಾಕಿಸುವವನನ್ನು ಹುಚ್ಚ ಅನ್ನಬೇಕು. ಆದ್ದರಿಂದ ಯಾವ ಟೈರು ಮೇಲು ಅನ್ನುವುದಕ್ಕೆ ಎಲ್ಲ ಊರಿಗೂ ಹೊಂದುವ ಉತ್ತರವಿಲ್ಲ. ಆದರೆ ‘ಸಾಕು’ ಅನ್ನುವವರು ಯಾರು, ಸಾಲದೆ ಹೋದರೆ ಬೀಳುವವರು ಯಾರು ಎಂದು ಕೇಳಿಕೊಳ್ಳಲು ದುಡ್ಡು ಬೇಡ. ಇಬ್ಬರೂ ಒಬ್ಬರೇ ಆಗಿದ್ದರೆ ಅದು ಅವರ ಇಷ್ಟ. ಬೇರೆ ಬೇರೆಯಾಗಿದ್ದರೆ ಬೀಳುವವರ ಮಾತು ಮೇಲಾಗಬೇಕು. ಕೊಳ್ಳುವ ಶಕ್ತಿಯೇ ಇಲ್ಲದಿದ್ದರೆ ಅಪ್ಪನ ಹಾಗೆ ಆ ದಿನ ಬಂಡಿ ಹೂಡದೆ ಇರಬಹುದು.

ಸಂಜೆ ಮಗಳಿಗೆ ಒಂದೇ ಪ್ರಶ್ನೆ ಕೇಳಿದೆ. “ಜನವರಿಯಾಗ ಆ ಕಾರು ಯಾರು ಹೊಡೀತೀರಿ?”

ಅವಳು ಸ್ವಲ್ಪ ತಡೆದು ಹೇಳಿದಳು. “ನಾನ ಅವ್ವಾ. ಅವರು ಆಫೀಸಿಗೆ ಟ್ರೇನಿಗೆ ಹೋಗ್ತಾರ. ಮುಂಜಾನೆ ಕೂಸಿನ್ನ ಡೇಕೇರಿಗೆ ಬಿಟ್ಟು ನಾನು ಹಂಗ ಕೆಲಸಕ್ಕ ಹೋಗ್ತೀನಿ.”

ಅಳಿಯನಿಗೆ ಫೋನು ಕೊಡು ಎಂದೆ. ಉಪದೇಶ ಮಾಡುವ ಯೋಗ್ಯತೆ ನನಗಿರಲಿಲ್ಲ. ವ್ಯಾನಿನ ಕತೆ ಹೇಳಿದೆ, ಬಳೆಯ ಸಂಗತಿಯನ್ನೂ ಬಿಡದೆ. ಆ ಬಳೆ ಈಗ ಮಗಳ ಕೈಯಲ್ಲೇ ಇವೆ. ಅವಳಿಗೂ ಅದು ಗೊತ್ತಿರಲಿಲ್ಲ. ಅಳಿಯ “ಆಗ್ಲಿರಿ ಅತ್ತಿ” ಎಂದಷ್ಟೇ ಅಂದ. ಡಿಸೆಂಬರಿನಲ್ಲಿ ಒಂದು ಫೋಟೋ ಬಂತು. ಹಿಮದಲ್ಲಿ ಕಾರು ನಿಂತಿದೆ, ಕಪ್ಪು ರಿಮ್ಮಿನ ಚಳಿಗಾಲದ ಟೈರುಗಳ ಮೇಲೆ. ಕಾರಿನ ಅಂದವೆಲ್ಲ ಹೋಯಿತೆಂದು ಅಳಿಯ ಇನ್ನೂ ಗೊಣಗುತ್ತಾನಂತೆ.

ಮೊನ್ನೆ ಸಂತೆಯಲ್ಲಿ ಆ ಹುಡುಗ ಸಿಕ್ಕ. ಹುಡುಗನೇನು, ತಲೆ ನರೆತಿದೆ, ಸ್ವಂತ ಗೂಡ್ಸ್ ಆಟೋ ಇಟ್ಟಿದ್ದಾನೆ. ಇಷ್ಟು ವರ್ಷ ಗಂಟಲಲ್ಲೇ ನಿಂತಿದ್ದ ಮಾತನ್ನು ಅಂದೆ. “ಅವತ್ತು ನಿನ್ನ ಮಾತು ಕೇಳಬೇಕಾಗಿತ್ತಪ್ಪ. ತಪ್ಪು ನಂದು.”

ಅವನು ಚೀಲ ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಇರ್ಲಿ ಬಿಡ್ರಿ ಅಕ್ಕಾರ. ಈಗಿನ ಗಾಡಿ ಟೈರ್ ಛಲೋ ಅದಾವಿಲ್ಲ?” ಎಂದು ಕೇಳಿದ.

ಗೊತ್ತಿಲ್ಲ ಎಂದೆ. ಮನೆಗೆ ಬಂದವಳು ಚೀಲ ಒಳಗಿಡುವ ಮೊದಲು ಸ್ಕೂಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ.